ಟ್ರ್ಯಾಕ್ಟರು ಮತ್ತು ಮೋಟಾರು ವಾಹನಗಳ ಕಂಪ್ಯೂಟರು ತಪಾಸಣೆ: ಸಂಪರ್ಕವನ್ನು ಭದ್ರಪಡಿಸಿಕೊಳ್ಳುವ ಕ್ರಮ

೧. ಪೀಠಿಕೆ

ಇಂಜಿನ್ನಿನ ದೋಷವನ್ನು ಅದರ ಶಬ್ದದಿಂದಲೂ ಹೊಗೆಯ ಬಣ್ಣದಿಂದಲೂ ಗೊತ್ತುಮಾಡುವ ವಿದ್ಯೆಯು ನಮ್ಮ ಊರುಗಳ ಮೆಕ್ಯಾನಿಕ್ಕುಗಳಿಗೆ ಬಹುಕಾಲದಿಂದ ಕೈಗತವಾಗಿದೆ. ಆದರೆ ಈಚಿನ ವಾಹನಗಳಿಗೆ ಅದೊಂದೇ ಸಾಲದು. ಭಾರತ್ ಸ್ಟೇಜ್ ೪ರ ಕಾರುಗಳಿಗೆ ೨೦೧೩ನೆಯ ಇಸವಿ ಏಪ್ರಿಲಿನಿಂದ ಒ.ಬಿ.ಡಿ. ೨ ಎಂಬ ಸ್ವಯಂತಪಾಸಣೆಯ ಏರ್ಪಾಡು ವಿಧಿಸಲ್ಪಟ್ಟಿತು. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ರ ನಿಯಮವು ದೇಶಕ್ಕೆಲ್ಲ ಅನ್ವಯಿಸಿತು. ೫೦ ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಟ್ರೆಮ್ ೪ ಎಂಬ ಹೊಗೆಯ ನಿಯಮವು ೨೦೨೩ರ ಜನವರಿ ೧ರಿಂದ ಜಾರಿಗೆ ಬಂದುದರಿಂದ, ಅಂಥ ಟ್ರ್ಯಾಕ್ಟರುಗಳಲ್ಲಿ ಡೀಸೆಲನ್ನು ಅಳೆದು ಕೊಡುವ ಕೆಲಸವು ಬಹುಮಟ್ಟಿಗೆ ಇ.ಸಿ.ಯು. ಎಂಬ ಸಣ್ಣ ಕಂಪ್ಯೂಟರಿನ ಪಾಲಿಗೆ ಬಂದಿದೆ. ಇ.ಸಿ.ಯು. ತಾನು ಕಂಡ ದೋಷವನ್ನು ಸಂಕೇತರೂಪವಾಗಿ ಬರೆದಿಟ್ಟುಕೊಳ್ಳುವುದು. ಅದನ್ನು ಓದಬೇಕಾದರೆ ಒಂದು ಲ್ಯಾಪ್‌ಟಾಪು, ತಪಾಸಣೆಯ ಸಾಫ್ಟ್‌ವೇರು, ಮತ್ತು ಲ್ಯಾಪ್‌ಟಾಪನ್ನು ವಾಹನಕ್ಕೆ ಕೂಡಿಸುವ ಅಡಾಪ್ಟರು ಎಂಬ ಮೂರು ಸಾಧನಗಳು ಬೇಕು.

ಈ ಸಾಧನಗಳು ಈಗ ಬಾಡಿಗೆ ಯಂತ್ರಗಳ ಕೇಂದ್ರಗಳಲ್ಲಿಯೂ ಸಣ್ಣ ಗ್ಯಾರೇಜುಗಳಲ್ಲಿಯೂ ಬಳಕೆಗೆ ಬರುತ್ತಿವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇವುಗಳಿಂದ ಒಂದು ಹೊಸ ಬಗೆಯ ನಷ್ಟವೂ ಉಂಟಾಗುತ್ತಿದೆ. ಸಾಫ್ಟ್‌ವೇರು "ಸಂಪರ್ಕ ದೊರೆಯಲಿಲ್ಲ" ಎಂದು ತೋರಿಸಿದ ಕೂಡಲೆ ಇ.ಸಿ.ಯು. ಸುಟ್ಟುಹೋಗಿದೆಯೆಂದು ತೀರ್ಮಾನಿಸಿ, ಅದನ್ನು ಬಿಚ್ಚಿ, ಹೊಸದಕ್ಕೆ ಹಲವು ಸಾವಿರ ರೂಪಾಯಿಗಳನ್ನು ತೆರುವ ಪ್ರಸಂಗಗಳು ನಡೆಯುತ್ತಿವೆ. ಹಣದ ಮಾತು ಹಾಗಿರಲಿ. ಭೂಮಿಯ ಹದವು ಯಾರಿಗೂ ಕಾಯುವುದಿಲ್ಲ. ಬಿತ್ತನೆಯ ವಾರದಲ್ಲಿ ಟ್ರ್ಯಾಕ್ಟರು ಕೊಟ್ಟಿಗೆಯಲ್ಲಿ ನಿಂತರೆ ಆದ ನಷ್ಟವನ್ನು ಆ ವರ್ಷ ತುಂಬಿಕೊಳ್ಳುವುದು ಕಷ್ಟ. ಆದಕಾರಣ, ವಾಹನದೊಡನೆ ಸಂಪರ್ಕವನ್ನು ನೆಲೆಗೊಳಿಸಲು ಸಾಫ್ಟ್‌ವೇರಿನ ಸೆಟ್ಟಿಂಗುಗಳನ್ನು ಹೇಗೆ ಇಡಬೇಕು, ಯಾವ ಅನುಕ್ರಮದಿಂದ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

೨. ಮಾತು ಸಾಗುವ ದಾರಿ

ಕೆರೆಯ ನೀರು ಗದ್ದೆಗೆ ಬಾರದಿದ್ದರೆ ಬುದ್ಧಿವಂತನಾದ ರೈತನು ಕೆರೆ ಬತ್ತಿತೆಂದು ಹೇಳುವುದಿಲ್ಲ. ತೂಬಿನಿಂದ ಮೊದಲುಮಾಡಿ ಕಾಲುವೆಯುದ್ದಕ್ಕೂ ನಡೆದು, ಎಲ್ಲಿ ಕಟ್ಟಿದೆ, ಎಲ್ಲಿ ಒಡೆದಿದೆ ಎಂದು ನೋಡುತ್ತಾನೆ. ತಪಾಸಣೆಯಲ್ಲಿಯೂ ಇದೇ ನ್ಯಾಯ. ಸಾಫ್ಟ್‌ವೇರಿನ ಪ್ರಶ್ನೆಯು ಮೊದಲು ಲ್ಯಾಪ್‌ಟಾಪಿನ ಪೋರ್ಟಿಗೂ, ಅಲ್ಲಿಂದ ಅಡಾಪ್ಟರಿಗೂ, ಅಲ್ಲಿಂದ ವಾಹನದ ಸಾಕೆಟ್ಟು ಮತ್ತು ವೈರುಗಳಿಗೂ, ಕಟ್ಟಕಡೆಗೆ ಇ.ಸಿ.ಯು.ವಿಗೂ ತಲಪುವುದು. ಉತ್ತರವು ಅದೇ ದಾರಿಯಲ್ಲಿ ಹಿಂದಿರುಗಬೇಕು. ನಡುವೆ ಒಂದೆಡೆ ಕೆಟ್ಟರೂ ಲ್ಯಾಪ್‌ಟಾಪಿನ ಪರದೆಯ ಮೇಲೆ ಕಾಣುವುದು ಒಂದೇ ಮಾತು: ಉತ್ತರವಿಲ್ಲ. ಈ ಮಾತು ದಾರಿಯ ಮೇಲಣ ದೂರೇ ಹೊರತು ಇಂಜಿನ್ನಿನ ಮೇಲಣ ತೀರ್ಪಲ್ಲ. ಇದನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳತಕ್ಕದ್ದು.

೩. ಮೊದಲು ನೋಡತಕ್ಕದ್ದು: ಬ್ಯಾಟರಿ ಮತ್ತು ವೈರುಗಳು

ಸೆಟ್ಟಿಂಗುಗಳಿಗೆ ಕೈಯಿಡುವ ಮುನ್ನ ಮಲ್ಟಿಮೀಟರನ್ನು ಕೈಗೆ ತೆಗೆದುಕೊಳ್ಳಬೇಕು. ೧೨ ವೋಲ್ಟಿನ ಬ್ಯಾಟರಿಯು ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವಾಗ ಸುಮಾರು ೧೨.೬ ವೋಲ್ಟನ್ನೂ, ಇಂಜಿನ್ನು ನಡೆಯುವಾಗ ಸುಮಾರು ೧೪ ವೋಲ್ಟನ್ನೂ ತೋರಿಸುವುದು. ಕೀಲಿಯನ್ನು ತಿರುಗಿಸಿ ಇಂಜಿನ್ನನ್ನು ನಡೆಸದೆ ಹೆಚ್ಚು ಹೊತ್ತು ತಪಾಸಣೆ ಮಾಡಿದರೆ ಬ್ಯಾಟರಿ ಇಳಿಯುತ್ತದೆ. ಇಳಿದ ಹಾಗೆಲ್ಲ ಬೇರೆಬೇರೆ ಭಾಗಗಳು ಸುಳ್ಳು ದೋಷಗಳನ್ನು ಬರೆದುಕೊಳ್ಳಲಾರಂಭಿಸುತ್ತವೆ. ಅಳತೆಯು ೧೨ ವೋಲ್ಟಿಗಿಂತ ಕಡಿಮೆಯಾದರೆ ತಪಾಸಣೆಯನ್ನು ನಿಲ್ಲಿಸಿ ಮೊದಲು ಬ್ಯಾಟರಿಯನ್ನು ಚಾರ್ಜು ಮಾಡುವುದು ಒಳ್ಳೆಯದು. ಬ್ಯಾಟರಿಯ ತಲೆಗಳ ಮೇಲಣ ಬಿಳಿಯ ಹುಡಿಯನ್ನು ತೆಗೆದು, ಬೋಲ್ಟುಗಳನ್ನು ಬಿಗಿಮಾಡತಕ್ಕದ್ದು.

ಕಾರು ಮತ್ತು ಪಿಕ್‌ಅಪ್ಪುಗಳಲ್ಲಿ ಸ್ಟಿಯರಿಂಗಿನ ಕೆಳಭಾಗದ ಸುತ್ತಿನಲ್ಲಿ ೧೬ ಪಿನ್ನುಗಳ ಸಾಕೆಟ್ಟು ಇರುವುದು. ಇದರಲ್ಲಿ ೧೬ನೆಯ ಪಿನ್ನು ಬ್ಯಾಟರಿಯ ಧನಭಾಗ. ೪ ಮತ್ತು ೫ ಗ್ರೌಂಡು. ೬ ಮತ್ತು ೧೪ ಕ್ಯಾನ್ ಎಂಬ ಜೋಡಿ ವೈರುಗಳು. ೭ನೆಯದು ಹಳೆಯ ಕ್ರಮದ ಕೆ ಲೈನು. ೧೬ಕ್ಕೂ ೪ಕ್ಕೂ ನಡುವೆ ಬ್ಯಾಟರಿಯ ವೋಲ್ಟೇಜು ಕಾಣದಿದ್ದರೆ ಅಡಾಪ್ಟರಿಗೆ ಜೀವವೇ ಬರುವುದಿಲ್ಲ. ಅನೇಕ ವಾಹನಗಳಲ್ಲಿ ಈ ಸಾಕೆಟ್ಟಿಗೂ ಸಿಗರೇಟು ಹೊತ್ತಿಸುವ ಸಾಕೆಟ್ಟಿಗೂ ಒಂದೇ ಫ್ಯೂಸು ಇರುವುದರಿಂದ, ಮೊಬೈಲಿನ ಕಳಪೆ ಚಾರ್ಜರು ಸುಟ್ಟ ಫ್ಯೂಸು ತಪಾಸಣೆಯನ್ನೂ ನಿಲ್ಲಿಸುವುದುಂಟು.

ಟ್ರ್ಯಾಕ್ಟರುಗಳಲ್ಲಿ ತಯಾರಕರು ಬೇರೆಬೇರೆ ಸಾಕೆಟ್ಟುಗಳನ್ನು ಇಡುತ್ತಾರೆ. ಕೈಪಿಡಿಯನ್ನು ನೋಡಿಯೇ ತಿಳಿಯಬೇಕು. ದೊಡ್ಡ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಗುಂಡಾದ ೯ ಪಿನ್ನುಗಳ ಸಾಕೆಟ್ಟು. ಅದರಲ್ಲಿ ಎ ಗ್ರೌಂಡು, ಬಿ ಬ್ಯಾಟರಿ, ಸಿ ಮತ್ತು ಡಿ ಕ್ಯಾನ್ ಜೋಡಿ. ಹೊಲದ ಧೂಳು, ತೊಳೆಯುವಾಗ ಹೊಕ್ಕ ನೀರು, ಪಿನ್ನಿನ ಮೇಲೆ ಕಟ್ಟಿದ ಹಸುರು ಕಿಲುಬು, ಇಲಿ ಕಡಿದ ವೈರು—ಇವು ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾದುದರಿಂದ ಕಣ್ಣಿಟ್ಟು ಪರೀಕ್ಷಿಸಬೇಕು.

ಕ್ಯಾನ್ ಜೋಡಿಗೆ ಒಂದು ಸುಲಭವಾದ ಪರೀಕ್ಷೆಯುಂಟು. ಈ ಜೋಡಿಯ ಎರಡು ತುದಿಗಳಲ್ಲಿಯೂ ೧೨೦ ಓಮಿನ ಒಂದೊಂದು ರೆಸಿಸ್ಟರು ಇರುತ್ತದೆ. ಬ್ಯಾಟರಿಯ ಋಣಭಾಗವನ್ನು ಬಿಡಿಸಿ, ಕೆಲವು ನಿಮಿಷ ತಾಳಿ, ಕಾರಿನಲ್ಲಿ ೬ ಮತ್ತು ೧೪ರ ನಡುವೆ, ಟ್ರ್ಯಾಕ್ಟರಿನಲ್ಲಿ ಸಿ ಮತ್ತು ಡಿ ನಡುವೆ ಅಳೆದರೆ ಸುಮಾರು ೬೦ ಓಮು ಬರಬೇಕು. ೧೨೦ ಬಂದರೆ ಒಂದು ತುದಿಯ ರೆಸಿಸ್ಟರು ತಪ್ಪಿದೆ ಅಥವಾ ನಡುವೆ ವೈರು ಕಡಿದಿದೆ. ಸೊನ್ನೆಗೆ ಸಮೀಪವಾಗಿದ್ದರೆ ಎರಡು ವೈರುಗಳೂ ಒಂದಕ್ಕೊಂದು ತಗಲಿವೆ. ಕೆಲವು ಹೊಸ ಕಾರುಗಳಲ್ಲಿ ಸಾಕೆಟ್ಟಿನ ಹಿಂದೆ ಗೇಟ್‌ವೇ ಎಂಬ ಮತ್ತೊಂದು ಪೆಟ್ಟಿಗೆ ಇರುವುದರಿಂದ ಅಲ್ಲಿ ಈ ಅಳತೆಯು ಬೇರೆಯಾಗಬಹುದು. ವೈರಿನಲ್ಲಿರುವ ಇಂಥ ದೋಷವನ್ನು ಯಾವ ಸೆಟ್ಟಿಂಗೂ ಸರಿಪಡಿಸಲಾರದು.

೪. ಲ್ಯಾಪ್‌ಟಾಪಿಗೂ ಅಡಾಪ್ಟರಿಗೂ ನಡುವೆ

(ಅ) ಪೋರ್ಟಿನ ಸಂಖ್ಯೆ.—ಅಡಾಪ್ಟರನ್ನು ಯು.ಎಸ್.ಬಿ. ತೂತಿಗೆ ಸೇರಿಸಿದಾಗ ವಿಂಡೋಸ್ ಅದಕ್ಕೆ ಕಾಮ್ ೩, ಕಾಮ್ ೭ ಎಂಬಂತೆ ಒಂದು ಸಂಖ್ಯೆಯನ್ನು ಕೊಡುವುದು. ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟುಗಳ ಪಟ್ಟಿಯನ್ನು ತೆರೆದು ಆ ಸಂಖ್ಯೆಯನ್ನು ತಿಳಿದುಕೊಂಡು, ಸಾಫ್ಟ್‌ವೇರಿನಲ್ಲಿಯೂ ಅದನ್ನೇ ಆರಿಸಬೇಕು. ಬೇರೆ ತೂತಿಗೆ ಸೇರಿಸಿದರೆ ಸಂಖ್ಯೆ ಬದಲಾಗಬಹುದಾದ್ದರಿಂದ ದಿನವೂ ಒಂದೇ ತೂತನ್ನು ಉಪಯೋಗಿಸುವುದು ಲೇಸು. ಹಳೆಯ ಸಾಫ್ಟ್‌ವೇರುಗಳಲ್ಲಿ ಕೆಲವು ದೊಡ್ಡ ಸಂಖ್ಯೆಗಳನ್ನು ಕಾಣುವುದಿಲ್ಲ. ಆಗ ಡಿವೈಸ್ ಮ್ಯಾನೇಜರಿನಲ್ಲಿಯೇ ಬಳಕೆಯಲ್ಲಿಲ್ಲದ ಒಂದು ಸಣ್ಣ ಸಂಖ್ಯೆಯನ್ನು ಕೊಡಬೇಕು.

(ಆ) ಬಾಡ್ ವೇಗ.—ಇದು ಲ್ಯಾಪ್‌ಟಾಪಿಗೂ ಅಡಾಪ್ಟರಿಗೂ ಇರುವ ವೇಗ. ಎಲ್ಮ್ ೩೨೭ ಜಾತಿಯ ಅಡಾಪ್ಟರುಗಳಲ್ಲಿ ಇದು ಸಾಮಾನ್ಯವಾಗಿ ೩೮,೪೦೦, ಕೆಲವದರಲ್ಲಿ ೯,೬೦೦. ವಾಹನದೊಳಗಿನ ವೇಗವು ಬೇರೆಯೇ ಆಗಿದೆ. ಅದನ್ನು ಮುಂದೆ ಹೇಳಿದೆ. ಎರಡನ್ನೂ ಒಂದೇ ಎಂದು ಭಾವಿಸಿ ಬದಲಾಯಿಸುವುದರಿಂದ ಅನೇಕರು ತೊಂದರೆಗೆ ಸಿಕ್ಕುತ್ತಾರೆ. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬಂದರೆ ಬಾಡ್ ವೇಗವು ತಪ್ಪೆಂದು ತಿಳಿಯಬೇಕು.

(ಇ) ಲೇಟೆನ್ಸಿ ಟೈಮರು.—ಎಫ್.ಟಿ.ಡಿ.ಐ. ಚಿಪ್ಪುಳ್ಳ ಕೇಬಲುಗಳು ಸಣ್ಣ ಉತ್ತರಗಳನ್ನು ಸ್ವಲ್ಪ ಹೊತ್ತು ತಡೆದಿಟ್ಟು ಒಟ್ಟಿಗೆ ಕಳುಹಿಸುತ್ತವೆ. ಈ ತಡೆಯ ಕಾಲವು ಮೊದಲಿಗೆ ೧೬ ಮಿಲಿಸೆಕೆಂಡಾಗಿರುತ್ತದೆ. ಕೆ ಲೈನಿನ ಸಾದಾ ಕೇಬಲುಗಳಲ್ಲಿ ಕಾಲದ ಲೆಕ್ಕವನ್ನೆಲ್ಲ ಲ್ಯಾಪ್‌ಟಾಪೇ ನೋಡಿಕೊಳ್ಳಬೇಕಾದುದರಿಂದ ಇಷ್ಟು ತಡವೂ ಮಾತನ್ನು ಮುರಿಯಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಗುಣಗಳನ್ನು ತೆರೆದು, ಅಡ್ವಾನ್ಸ್‌ಡ್ ಎಂಬಲ್ಲಿ ಇದನ್ನು ೧ಕ್ಕೆ ಇಳಿಸತಕ್ಕದ್ದು. ಆಗಾಗ ಸಂಪರ್ಕ ಸಿಕ್ಕಿ ಆಗಾಗ ತಪ್ಪುವ ದೋಷವು ಎಷ್ಟೋ ವೇಳೆ ಇದರಿಂದಲೇ ನಿವಾರಣೆಯಾಗುವುದು.

(ಈ) ವಿದ್ಯುತ್ ಉಳಿತಾಯ.—ಲ್ಯಾಪ್‌ಟಾಪು ತನ್ನ ಬ್ಯಾಟರಿಯನ್ನು ಉಳಿಸುವುದಕ್ಕಾಗಿ ಯು.ಎಸ್.ಬಿ. ತೂತನ್ನು ನಿದ್ರೆಗೆ ಕಳುಹಿಸುವುದುಂಟು. ಪವರ್ ಮ್ಯಾನೇಜ್‌ಮೆಂಟಿನಲ್ಲಿ ಈ ಅನುಮತಿಯನ್ನು ತೆಗೆದುಹಾಕಬೇಕು.

(ಉ) ಬ್ಲೂಟೂತು ಮತ್ತು ವೈಫೈ.—ಬ್ಲೂಟೂತ್ ಅಡಾಪ್ಟರನ್ನು ಜೋಡಿಸಿದಾಗ ವಿಂಡೋಸ್ ಒಳಬರುವ ಪೋರ್ಟು, ಹೊರಹೋಗುವ ಪೋರ್ಟು ಎಂದು ಎರಡನ್ನು ತೋರಿಸಬಹುದು, ಹೊರಹೋಗುವುದನ್ನೇ ಆರಿಸಬೇಕು. ಗುಪ್ತಸಂಖ್ಯೆಯು ಸಾಮಾನ್ಯವಾಗಿ ೧೨೩೪ ಅಥವಾ ೦೦೦೦. ವೈಫೈ ಅಡಾಪ್ಟರುಗಳಲ್ಲಿ ವಿಳಾಸವು ಹೆಚ್ಚಾಗಿ ೧೯೨.೧೬೮.೦.೧೦, ಪೋರ್ಟು ೩೫೦೦೦ ಎಂದಿರುತ್ತದೆ. ದೋಷಗಳನ್ನು ಓದುವುದಕ್ಕೆ ಇವು ಸಾಕಾದರೂ, ಇ.ಸಿ.ಯು.ವಿನಲ್ಲಿ ಹೊಸದಾಗಿ ಬರೆಯುವ ಕೆಲಸಕ್ಕೆ ತಂತಿಯಿಲ್ಲದ ಸಂಪರ್ಕವನ್ನು ನಂಬಕೂಡದು.

ಎಲ್ಮ್ ೩೨೭ ಚಿಪ್ಪನ್ನು ಮೊದಲು ರಚಿಸಿದ ಕೆನಡಾ ದೇಶದ ಎಲ್ಮ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯು ೨೦೨೨ರಲ್ಲಿ ತನ್ನ ವ್ಯಾಪಾರವನ್ನು ನಿಲ್ಲಿಸಿತು. ಆ ಹೆಸರಿನಲ್ಲಿ ಅಗ್ಗವಾಗಿ ದೊರೆಯುವ ಅನುಕರಣೆಗಳಲ್ಲಿ ಕೆಲವು ಎಲ್ಲ ಆಜ್ಞೆಗಳನ್ನೂ ಪಾಲಿಸವು. ಆದುದರಿಂದ ಹೊಸ ಅಡಾಪ್ಟರನ್ನು ಕೊಂಡವರು, ಚೆನ್ನಾಗಿ ನಡೆಯುತ್ತಿರುವ ಒಂದು ವಾಹನದ ಮೇಲೆ ಮೊದಲು ಅದನ್ನು ಪರೀಕ್ಷಿಸಿ ನೋಡಿ, ಆಮೇಲೆ ಕೆಟ್ಟ ವಾಹನಕ್ಕೆ ಉಪಯೋಗಿಸತಕ್ಕದ್ದು.

೫. ವಾಹನದ ಭಾಷೆಯನ್ನು ಆರಿಸುವುದು

ಒಂದೊಂದು ವಾಹನವೂ ತನಗೆ ನಿಯಮಿತವಾದ ಪ್ರೋಟೊಕಾಲಿನಲ್ಲಿ, ಎಂದರೆ ಗೊತ್ತಾದ ಭಾಷೆಯಲ್ಲಿ ಮತ್ತು ಗೊತ್ತಾದ ವೇಗದಲ್ಲಿ, ಮಾತನಾಡುತ್ತದೆ. ನಮ್ಮಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ತಿಳಿದಿದ್ದರೆ ಸಾಕು.

ಮೊದಲನೆಯದು ಕೆ ಲೈನು. ಇದು ಹಳೆಯ ಕಾರು, ಜೀಪುಗಳಲ್ಲಿರುವುದು. ವೇಗ ಸೆಕೆಂಡಿಗೆ ೧೦,೪೦೦ ಬಿಟ್ಟುಗಳು. ಮಾತಿಗೆ ಮೊದಲು ಇ.ಸಿ.ಯು.ವನ್ನು ಎಬ್ಬಿಸಬೇಕು. ನಿಧಾನವಾದ ಎಬ್ಬಿಸುವಿಕೆಯಲ್ಲಿ ವೇಗವು ಸೆಕೆಂಡಿಗೆ ೫ ಬಿಟ್ಟು ಮಾತ್ರವಾದುದರಿಂದ ಒಂದು ವಿಳಾಸವನ್ನು ಕಳುಹಿಸುವುದಕ್ಕೆ ೨ ಸೆಕೆಂಡು ಹಿಡಿಯುವುದು. ತಾಳ್ಮೆಗೆಟ್ಟು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಕೆಲಸವು ಕೆಡುವುದೇ ಹೊರತು ಬೇಗನಾಗುವುದಿಲ್ಲ.

ಎರಡನೆಯದು ಕಾರುಗಳ ಕ್ಯಾನ್. ಕ್ಯಾನ್ ಕ್ರಮವನ್ನು ಜರ್ಮನಿಯ ಬಾಷ್ ಸಂಸ್ಥೆಯು ೧೯೮೬ರಲ್ಲಿ ಪ್ರಕಟಪಡಿಸಿತು. ಒ.ಬಿ.ಡಿ. ೨ರಲ್ಲಿ ಇದರ ವೇಗ ಸೆಕೆಂಡಿಗೆ ೫,೦೦,೦೦೦ ಅಥವಾ ೨,೫೦,೦೦೦ ಬಿಟ್ಟು. ಹೆಚ್ಚಿನ ಕಾರುಗಳಲ್ಲಿ ಮೊದಲನೆಯದು. ಗುರುತಿನ ಸಂಖ್ಯೆಯು ೧೧ ಅಥವಾ ೨೯ ಬಿಟ್ಟುಗಳದಾಗಿರಬಹುದು. ವೇಗ, ಗುರುತಿನ ಉದ್ದ ಎರಡೂ ಸೇರಿಯೇ ಸರಿಯಾಗಬೇಕು.

ಮೂರನೆಯದು ಜೆ ೧೯೩೯. ಇದು ಲಾರಿಗಳಲ್ಲಿಯೂ ದೊಡ್ಡ ಟ್ರ್ಯಾಕ್ಟರುಗಳಲ್ಲಿಯೂ ಬಳಕೆಯಲ್ಲಿದೆ. ಇದೂ ಕ್ಯಾನ್ ವೈರುಗಳ ಮೇಲೆಯೇ ನಡೆಯುವುದಾದರೂ ಭಾಷೆ ಬೇರೆ. ವೇಗ ಸಾಮಾನ್ಯವಾಗಿ ೨,೫೦,೦೦೦. ಹೊಸ ಯಂತ್ರಗಳಲ್ಲಿ ೫,೦೦,೦೦೦ ಇರುವುದೂ ಉಂಟು. ೯ ಪಿನ್ನಿನ ಸಾಕೆಟ್ಟು ಕಪ್ಪಾಗಿದ್ದರೆ ಹಿಂದಿನ ವೇಗವೆಂದೂ, ಹಸುರಾಗಿದ್ದರೆ ಹೊಸ ವೇಗಕ್ಕೆ ತಕ್ಕುದೆಂದೂ ಸ್ಥೂಲವಾಗಿ ಗುರುತಿಸಬಹುದು. ಗುರುತಿನ ಸಂಖ್ಯೆ ಯಾವಾಗಲೂ ೨೯ ಬಿಟ್ಟು. ತಪಾಸಣೆಯ ಸಾಧನವು ತನ್ನ ವಿಳಾಸವನ್ನು ೨೪೯ ಎಂದು ಹೇಳಿಕೊಳ್ಳುವುದು ರೂಢಿ. ಕಾರಿಗಾಗಿ ಮಾಡಿದ ಸಾಫ್ಟ್‌ವೇರನ್ನು ಟ್ರ್ಯಾಕ್ಟರಿಗೆ ಹಾಕಿ ಉತ್ತರ ಬರಲಿಲ್ಲವೆಂದರೆ ಅದು ಟ್ರ್ಯಾಕ್ಟರಿನ ತಪ್ಪಲ್ಲ.

ಕಾರುಗಳಲ್ಲಿ ಪ್ರೋಟೊಕಾಲನ್ನು ಮೊದಲ ಸಲ "ಆಟೊ" ಎಂಬಲ್ಲಿಟ್ಟು ಅಡಾಪ್ಟರು ತಾನೇ ಹುಡುಕುವಂತೆ ಮಾಡಬಹುದು. ಸಂಪರ್ಕ ಸಿಕ್ಕಿದ ಮೇಲೆ ಯಾವುದು ಸಿಕ್ಕಿತೆಂದು ನೋಡಿ ಬರೆದುಕೊಂಡು, ಮುಂದೆ ಅದನ್ನೇ ಸ್ಥಿರವಾಗಿ ಇಡತಕ್ಕದ್ದು. ಪ್ರತಿಸಲವೂ ಹುಡುಕುವುದರಿಂದ ಕಾಲವು ವ್ಯರ್ಥವಾಗುವುದಲ್ಲದೆ ಹಳೆಯ ವಾಹನಗಳಲ್ಲಿ ಸಂಪರ್ಕವೂ ತಪ್ಪುವುದು.

ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ವೇಗವನ್ನು ತಪ್ಪಾಗಿ ಇಟ್ಟ ಸಾಧನವು ಸುಮ್ಮನಿರದೆ, ತನಗೆ ತಿಳಿಯದ ಮಾತುಗಳನ್ನೆಲ್ಲ ತಪ್ಪೆಂದು ಕೂಗಿ ಕೆಡಿಸುತ್ತದೆ. ಆಗ ಇ.ಸಿ.ಯು.ವಿಗೂ ಡ್ಯಾಶ್‌ಬೋರ್ಡಿಗೂ ನಡುವಣ ಮಾತೂ ನಿಂತುಹೋಗುವುದು. ಈ ಕಾರಣದಿಂದ, ಸಾಫ್ಟ್‌ವೇರಿನಲ್ಲಿ "ಲಿಸನ್ ಓನ್ಲಿ" ಅಂದರೆ "ಕೇಳುವುದು ಮಾತ್ರ" ಎಂಬ ಸೆಟ್ಟಿಂಗು ಇದ್ದರೆ ಮೊದಲು ಅದನ್ನೇ ಇಡಬೇಕು. ಜೆ ೧೯೩೯ರಲ್ಲಿ ಸದ್ಯದ ದೋಷಗಳನ್ನು ಇ.ಸಿ.ಯು. ಕೇಳದೆಯೇ ಸೆಕೆಂಡಿಗೆ ಒಂದು ಸಲ ಡಿ.ಎಂ. ೧ ಎಂಬ ಸಂದೇಶದಿಂದ ಸಾರುತ್ತಿರುವುದರಿಂದ, ಒಂದು ಪ್ರಶ್ನೆಯನ್ನೂ ಕಳುಹಿಸದೆ ದೋಷವನ್ನು ಓದುವುದು ಸಾಧ್ಯ.

೬. ಕಾಯುವ ಕಾಲ

ಪ್ರಶ್ನೆಯನ್ನು ಕಳುಹಿಸಿ ಉತ್ತರಕ್ಕೆ ಎಷ್ಟು ಕಾಯಬೇಕೆಂಬುದು ಟೈಮ್‌ಔಟ್ ಎಂಬ ಸೆಟ್ಟಿಂಗು. ಎಲ್ಮ್ ೩೨೭ರಲ್ಲಿ ಇದು ಮೊದಲಿಗೆ ಸುಮಾರು ೨೦೦ ಮಿಲಿಸೆಕೆಂಡು. ಉತ್ತರಗಳು ಬರುತ್ತಿದ್ದರೂ ನಡುನಡುವೆ ತಪ್ಪುತ್ತಿದ್ದರೆ ಇದನ್ನು ಸ್ವಲ್ಪ ಹೆಚ್ಚಿಸಿ ನೋಡಬಹುದು. ಅಡಾಪ್ಟರು ತಾನಾಗಿಯೇ ಕಾಲವನ್ನು ಕಡಮೆಮಾಡಿಕೊಳ್ಳುವ "ಅಡಾಪ್ಟಿವ್ ಟೈಮಿಂಗ್" ಎಂಬ ಏರ್ಪಾಡು ನಿಧಾನವಾದ ವಾಹನಗಳಿಗೆ ಒಗ್ಗದಿದ್ದರೆ ಅದನ್ನು ನಿಲ್ಲಿಸಬೇಕು. ಕೆ ಲೈನಿನಲ್ಲಿ ೫ ಸೆಕೆಂಡು ಯಾವ ಮಾತೂ ಇಲ್ಲದಿದ್ದರೆ ಇ.ಸಿ.ಯು. ಸಂಭಾಷಣೆಯನ್ನು ಮುಗಿಸಿಬಿಡುವುದು, ಆದುದರಿಂದ "ಟೆಸ್ಟರ್ ಪ್ರೆಸೆಂಟ್" ಎಂಬ, ನಾನು ಇಲ್ಲಿಯೇ ಇದ್ದೇನೆಂದು ತಿಳಿಸುವ ಸಂದೇಶವು ಚಾಲ್ತಿಯಲ್ಲಿರಬೇಕು. ಒಂದೇ ಸಲಕ್ಕೆ ಇಪ್ಪತ್ತು ಅಳತೆಗಳನ್ನು ಕೇಳುವುದಕ್ಕಿಂತ ಬೇಕಾದ ಮೂರು ನಾಲ್ಕನ್ನು ಮಾತ್ರ ಕೇಳುವುದರಿಂದ ಸಂಪರ್ಕವು ಗಟ್ಟಿಯಾಗಿ ನಿಲ್ಲುವುದು.

೭. ಒಂದು ನಿದರ್ಶನ

೨೦೨೪ರ ಮುಂಗಾರಿನಲ್ಲಿ, ನನ್ನ ಸರ್ಕಲಿನ ಒಂದು ಗ್ರಾಮದಲ್ಲಿ ಬಾಡಿಗೆಗೆ ನಡೆಯುತ್ತಿದ್ದ ಒಂದು ದೊಡ್ಡ ಟ್ರ್ಯಾಕ್ಟರು ಎಚ್ಚರಿಕೆಯ ದೀಪ ಹತ್ತಿ ಶಕ್ತಿಗುಂದಿತು. ಹದ ಬಂದ ಹೊಲಗಳು ಅದಕ್ಕಾಗಿ ಕಾಯುತ್ತಿದ್ದವು. ತಪಾಸಣೆಗೆ ಬಂದವರು ಅಡಾಪ್ಟರನ್ನು ಸೇರಿಸಿದಾಗ ಉತ್ತರ ಬರಲಿಲ್ಲ. ಅಷ್ಟೇ ಅಲ್ಲದೆ ಡ್ಯಾಶ್‌ಬೋರ್ಡಿನ ಮುಳ್ಳುಗಳೆಲ್ಲ ಸೊನ್ನೆಗೆ ಬಿದ್ದವು. ಇ.ಸಿ.ಯು. ಸಾಯುತ್ತಿದೆಯೆಂದೂ ಬದಲಾಯಿಸಬೇಕೆಂದೂ ಹೇಳಲಾಯಿತು. ಆದರೆ ಅಡಾಪ್ಟರನ್ನು ಕಿತ್ತೊಡನೆ ಮುಳ್ಳುಗಳು ಮತ್ತೆ ಎದ್ದವು. ಕಾಯಿಲೆಯು ಇ.ಸಿ.ಯು.ವಿನದಾಗಿದ್ದರೆ ಹೀಗಾಗುತ್ತಿರಲಿಲ್ಲ. ಸಿ ಮತ್ತು ಡಿ ಪಿನ್ನುಗಳ ನಡುವೆ ೬೦ ಓಮು ಸರಿಯಾಗಿಯೇ ಬಂದಿತು. ಸಾಫ್ಟ್‌ವೇರನ್ನು ನೋಡಲಾಗಿ ಹಿಂದಿನ ದಿನ ಕಾರೊಂದಕ್ಕೆ ಇಟ್ಟಿದ್ದ ೫,೦೦,೦೦೦ದ ವೇಗವೇ ಉಳಿದಿತ್ತು. ಅದನ್ನು ೨,೫೦,೦೦೦ಕ್ಕೆ ಇಳಿಸಿ, ಪ್ರೋಟೊಕಾಲನ್ನು ಜೆ ೧೯೩೯ಕ್ಕೆ ತಿರುಗಿಸಿ, ಕೇಳುವುದು ಮಾತ್ರವೆಂದು ಇಟ್ಟಾಗ ದೋಷವು ತಾನಾಗಿ ತೆರೆಯ ಮೇಲೆ ಬಂದಿತು: ಎಸ್.ಪಿ.ಎನ್. ೯೭, ಎಂದರೆ ಡೀಸೆಲಿನಲ್ಲಿ ನೀರು. ಫಿಲ್ಟರಿನ ಕೆಳಗಣ ತಿರುಪನ್ನು ಸಡಿಲಿಸಿ ನೀರನ್ನು ಬಿಟ್ಟು, ಹೊಸ ಫಿಲ್ಟರನ್ನು ಹಾಕಿ, ಡೀಸೆಲು ತುಂಬಿಟ್ಟಿದ್ದ ಪೀಪಾಯಿಯನ್ನು ತೊಳೆದಲ್ಲಿಗೆ ಕೆಲಸ ಮುಗಿಯಿತು. ಟ್ರ್ಯಾಕ್ಟರು ಆ ದಿನ ಸಂಜೆಯೇ ಹೊಲಕ್ಕಿಳಿಯಿತು.

೮. ಸಂದೇಶಗಳೂ ಅವುಗಳ ಅರ್ಥವೂ

ಪೋರ್ಟು ತೆರೆಯಲಿಲ್ಲ.—ಸಂಖ್ಯೆ ತಪ್ಪು, ಅಥವಾ ಬೇರೊಂದು ಸಾಫ್ಟ್‌ವೇರು ಅದನ್ನು ಹಿಡಿದುಕೊಂಡಿದೆ. ವಾಹನಕ್ಕೂ ಇದಕ್ಕೂ ಸಂಬಂಧವಿಲ್ಲ.

ಅನೇಬಲ್ ಟು ಕನೆಕ್ಟ್.—ಅಡಾಪ್ಟರು ಚೆನ್ನಾಗಿದೆ, ಎಲ್ಲ ಪ್ರೋಟೊಕಾಲುಗಳನ್ನು ಹುಡುಕಿದರೂ ವಾಹನ ಸಿಕ್ಕಲಿಲ್ಲ. ಕೀಲಿ ಆನ್ ಆಗಿದೆಯೇ, ಸಾಕೆಟ್ಟಿನ ಪಿನ್ನುಗಳು ನೆಟ್ಟಗಿವೆಯೇ ಎಂದು ನೋಡಬೇಕು.

ಬಸ್ ಇನಿಟ್ ಎರರ್.—ಕೆ ಲೈನಿನ ಇ.ಸಿ.ಯು. ಏಳಲಿಲ್ಲ. ಕೀಲಿಯನ್ನು ಆರಿಸಿ, ಹತ್ತು ಸೆಕೆಂಡು ತಾಳಿ, ಪುನಃ ಪ್ರಯತ್ನಿಸಬೇಕು.

ಕ್ಯಾನ್ ಎರರ್.—ವೇಗವು ತಪ್ಪು, ಅಥವಾ ಜೋಡಿ ವೈರಿನಲ್ಲಿ ದೋಷ. ೬೦ ಓಮಿನ ಪರೀಕ್ಷೆಯನ್ನು ಮಾಡಬೇಕು.

ನೋ ಡೇಟಾ.—ಗೊತ್ತಾದ ಕಾಲದೊಳಗೆ ಉತ್ತರ ಬರಲಿಲ್ಲ. ಕೇಳಿದ ಅಳತೆಯು ಆ ವಾಹನದಲ್ಲಿ ಇಲ್ಲದಿರಬಹುದು, ಇಲ್ಲವೆ ಕಾಯುವ ಕಾಲವು ಸಾಲದಿರಬಹುದು.

ಯು ಅಕ್ಷರದಿಂದ ಮೊದಲಾಗುವ ದೋಷಸಂಕೇತಗಳು, ಉದಾಹರಣೆಗೆ ಯು ೦೧೦೦, ವಾಹನದೊಳಗಿನ ಭಾಗಗಳು ಒಂದನ್ನೊಂದು ಕಳೆದುಕೊಂಡುದನ್ನು ಹೇಳುತ್ತವೆ. ಅಲ್ಲಿಯೂ ಮೊದಲು ವೋಲ್ಟೇಜು, ಗ್ರೌಂಡು, ವೈರು ಇವುಗಳನ್ನು ನೋಡಿ, ಕೊನೆಗೆ ಮಾತ್ರ ಪೆಟ್ಟಿಗೆಯನ್ನು ಶಂಕಿಸತಕ್ಕದ್ದು.

೯. ಎಚ್ಚರಿಕೆಗಳು

ಒಂದು ಸಲಕ್ಕೆ ಒಂದೇ ಸೆಟ್ಟಿಂಗನ್ನು ಬದಲಾಯಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿ ಸಂಪರ್ಕ ಸಿಕ್ಕಿದರೆ ಯಾವುದರಿಂದ ಸಿಕ್ಕಿತೆಂಬುದು ತಿಳಿಯದೆ, ಮುಂದಿನ ಸಲ ಮೊದಲಿನಿಂದ ಹುಡುಕಬೇಕಾಗುವುದು. ಓದಿದ ದೋಷಗಳನ್ನು ಬರೆದುಕೊಳ್ಳುವ ಮೊದಲು ಅಳಿಸಕೂಡದು, ಒ.ಬಿ.ಡಿ. ೨ರಲ್ಲಿ ಅಳಿಸಿದರೆ ದೋಷ ಕಂಡ ಗಳಿಗೆಯ ಅಳತೆಗಳೂ ಅದರೊಡನೆ ಹೋಗುವುವು. ಇಂಜಿನ್ನು ನಡೆಸಿ ಪರೀಕ್ಷಿಸುವಾಗ ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಪಿ.ಟಿ.ಒ.ವನ್ನು ಬಿಡಿಸಿರಬೇಕು, ಮುಚ್ಚಿದ ಕೊಟ್ಟಿಗೆಯಲ್ಲಿ ನಡೆಸಿದರೆ ಹೊಗೆಯಿಂದ ಪ್ರಾಣಾಪಾಯವುಂಟು. ಗ್ಯಾರಂಟಿಯ ಅವಧಿಯಲ್ಲಿರುವ ಯಂತ್ರದ ಇ.ಸಿ.ಯು.ವಿನಲ್ಲಿ ಏನನ್ನೂ ಬರೆಯಲು ಹೋಗದೆ, ಓದಿದ ಸಂಕೇತಗಳನ್ನು ಕಂಪನಿಯ ವರ್ಕ್‌ಶಾಪಿಗೆ ತಿಳಿಸುವುದು ಕ್ಷೇಮಕರ.

೧೦. ಸಾರಾಂಶ

ಬ್ಯಾಟರಿ, ಸಾಕೆಟ್ಟು, ವೈರು, ಪೋರ್ಟು, ಬಾಡ್ ವೇಗ, ಪ್ರೋಟೊಕಾಲು, ಕಾಯುವ ಕಾಲ—ಈ ಅನುಕ್ರಮವನ್ನು ತಪ್ಪದೆ ಅನುಸರಿಸಿದರೆ ಸಂಪರ್ಕದ ತೊಂದರೆಗಳಲ್ಲಿ ಬಹುಪಾಲು ಊರಿನಲ್ಲಿಯೇ ಪರಿಹಾರವಾಗುವುವು. ಸರಿಹೊಂದಿದ ಸೆಟ್ಟಿಂಗುಗಳನ್ನು ಆಯಾ ವಾಹನದ ಲಾಗ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡುವ ಅಭ್ಯಾಸವನ್ನು ಪ್ರತಿಯೊಂದು ಬಾಡಿಗೆ ಕೇಂದ್ರವೂ ಇಟ್ಟುಕೊಳ್ಳತಕ್ಕದ್ದು. ಬಿತ್ತನೆಗೆ ಒಂದು ತಿಂಗಳು ಮೊದಲೇ, ಯಂತ್ರವು ಚೆನ್ನಾಗಿರುವಾಗಲೇ, ಒಮ್ಮೆ ಸಂಪರ್ಕವನ್ನು ಮಾಡಿ ನೋಡಿಟ್ಟರೆ, ಕೆಟ್ಟ ದಿನ ಬಂದಾಗ ದೋಷವು ದಾರಿಯಲ್ಲಿದೆಯೋ ಇಂಜಿನ್ನಿನಲ್ಲಿದೆಯೋ ಎಂಬುದು ಬೇಗನೆ ಗೊತ್ತಾಗುವುದು. ರೈತರೂ ಮೆಕ್ಯಾನಿಕ್ಕುಗಳೂ ಈ ಕ್ರಮವನ್ನು ಬಳಕೆಗೆ ತಂದು, ಅನವಶ್ಯಕವಾದ ವೆಚ್ಚವನ್ನೂ ಅದಕ್ಕಿಂತ ಹೆಚ್ಚಾಗಿ ಹದದ ಕಾಲವನ್ನೂ ಉಳಿಸಿಕೊಳ್ಳುವರೆಂದು ಆಶಿಸಲಾಗಿದೆ.